ಮೊದಲ ರನ್ನಿಂಗ್ ಶೂ: ಕಾಲು ಮೊದಲು, ಕಂಪನಿ ಆಮೇಲೆ

ಓಡೋಕೆ ಶುರು ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ, ಯಾವ ಕಂಪನಿ ಶೂ ತಗೊಳ್ಳಲಿ ಅಂತ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಗುವ ಹೊಸಬರೂ ಇದನ್ನೇ ಕೇಳುತ್ತಾರೆ, ಆಫೀಸಿನಲ್ಲಿ ಪಕ್ಕದ ಸೀಟಿನವರೂ ಇದನ್ನೇ ಕೇಳುತ್ತಾರೆ. ಕಂಪನಿ ಹೆಸರು ಕೊನೆಗೆ ನೋಡೋಣ. ಮೊದಲು ನಿಮ್ಮ ಕಾಲು ನೋಡಬೇಕು, ಆಮೇಲೆ ನೀವು ಓಡುವ ಜಾಗ, ಆಮೇಲೆ ಜೇಬು. ಇಷ್ಟು ಗೊತ್ತಿದ್ದರೆ ಅಂಗಡಿಯ ಗೋಡೆ ತುಂಬ ಜೋಡಿಸಿಟ್ಟ ಶೂಗಳ ಮುಂದೆ ನಿಂತಾಗ ತಲೆ ಕೆಡುವುದಿಲ್ಲ, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ನಿಮಗಲ್ಲ ಅನ್ನುವುದು ಮುಟ್ಟುವ ಮೊದಲೇ ತಿಳಿದಿರುತ್ತದೆ.

ಮನೆಯಲ್ಲಿರುವ ಶೂನಲ್ಲೇ ಓಡಿದರೆ ಆಗಲ್ವಾ ಅಂತ ಕೇಳಬಹುದು. ನಡೆಯುವಾಗ ಒಂದಲ್ಲ ಒಂದು ಪಾದ ಯಾವಾಗಲೂ ನೆಲದ ಮೇಲೆ ಇರುತ್ತದೆ. ಓಡುವಾಗ ಹಾಗಲ್ಲ. ಎರಡೂ ಪಾದ ಒಂದು ಕ್ಷಣ ಗಾಳಿಯಲ್ಲಿರುತ್ತವೆ, ಆಮೇಲೆ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬಂದು ಬೀಳುತ್ತದೆ. ಆಗ ಕಾಲಿನ ಮೇಲೆ ಬೀಳುವ ಬಲ ಮೈತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ನಿಧಾನವಾಗಿ ಓಡುವ ಹೊಸಬರು ಒಂದು ಕಿಲೋಮೀಟರಿಗೆ ಸಾವಿರಕ್ಕೂ ಜಾಸ್ತಿ ಹೆಜ್ಜೆ ಹಾಕುತ್ತಾರೆ, ಅಂದರೆ ಒಂದೊಂದು ಕಾಲಿಗೆ ಐನೂರಕ್ಕೂ ಹೆಚ್ಚು ಸಲ ಈ ಹೊಡೆತ. ಬಿಳಿ ಕ್ಯಾನ್ವಾಸ್ ಶೂ, ಗಟ್ಟಿ ಅಟ್ಟೆಯ ಕ್ಯಾಶುಯಲ್ ಶೂ ಇದನ್ನು ತಡೆಯುವುದಕ್ಕೆ ಮಾಡಿದ್ದಲ್ಲ. ಬ್ಯಾಡ್ಮಿಂಟನ್ ಶೂ ಅಕ್ಕಪಕ್ಕ ಜಿಗಿಯುವುದಕ್ಕೆ ಮಾಡಿದ್ದು, ಜಿಮ್ ಶೂ ತೂಕ ಎತ್ತುವಾಗ ಕಾಲು ಅಲುಗಾಡದೆ ನಿಲ್ಲಲಿ ಅಂತ ಮಾಡಿದ್ದು. ಎರಡು ವಾರ ಸುಮ್ನೆ ನಡಿಗೆ ಜೊತೆ ಚೂರು ಚೂರು ಓಡಿ ನೋಡುತ್ತೇನೆ ಅನ್ನುವವರು ಮನೆಯಲ್ಲಿರುವ ಸ್ಪೋರ್ಟ್ಸ್ ಶೂನಲ್ಲೇ ಶುರು ಮಾಡಿ, ತೊಂದರೆ ಇಲ್ಲ. ವಾರಕ್ಕೆ ಮೂರು ದಿನ ಓಡುವುದು ಖಾಯಂ ಆಯ್ತು ಅಂದಾಗ ರನ್ನಿಂಗ್ ಶೂಗೆ ದುಡ್ಡು ಹಾಕಿ.

ನಮ್ಮ ಅಜ್ಜಂದಿರು ಬರಿಗಾಲಲ್ಲೇ ಗದ್ದೆ ಬದುವಿನ ಮೇಲೆ ಓಡಾಡಿಕೊಂಡಿದ್ದರು ಅಲ್ವಾ ಅನ್ನುವ ಮಾತು ಮಂಡ್ಯದ ಕಡೆ ಖಂಡಿತ ಬರುತ್ತದೆ. ನಿಜ, ಬರಿಗಾಲಲ್ಲಿ ಓಡಬಹುದು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಓಡಿ ಗೆದ್ದರು. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು. ಹುಟ್ಟಿದಾಗಿನಿಂದ ಮಣ್ಣಿನ ಮೇಲೆ ಬರಿಗಾಲಲ್ಲಿ ಬೆಳೆದ ಪಾದ ಬೇರೆ, ದಿನಕ್ಕೆ ಎಂಟು ಗಂಟೆ ಕುರ್ಚಿಯ ಕೆಳಗೆ ಇರುವ ನಮ್ಮ ಪಾದ ಬೇರೆ. ಮೂವತ್ತೈದು ದಾಟಿದ ಮೇಲೆ ಒಂದೇ ಸಲಕ್ಕೆ ಬರಿಗಾಲಿನ ಓಟಕ್ಕೆ ಅಥವಾ ತೀರಾ ತೆಳು ಅಟ್ಟೆಯ ಶೂಗೆ ಹೋದರೆ ಮೀನಖಂಡ ಮತ್ತು ಹಿಮ್ಮಡಿಯ ನರ ಹಿಡಿದುಕೊಳ್ಳುವುದು ಬಹಳ ಸಾಮಾನ್ಯ.

ಈಗ ಕಾಲು ಅಳೆಯುವ ಕೆಲಸ. ಇದನ್ನು ಮನೆಯಲ್ಲೇ ಮಾಡಿ, ಸಂಜೆ ಮಾಡಿ. ದಿನವೆಲ್ಲ ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಓಡುವಾಗಲೂ ಹೀಗೇ ಊದುತ್ತದೆ. ಬೆಳಿಗ್ಗೆ ಎದ್ದ ತಕ್ಷಣದ ಅಳತೆ ನಂಬಿದರೆ ಶೂ ಬಿಗಿಯಾಗುತ್ತದೆ. ಒಂದು ಬಿಳಿ ಹಾಳೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಇಡಿ. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಪೆನ್ನನ್ನು ನೆಟ್ಟಗೆ ಹಿಡಿದು ಎಲ್ಲಕ್ಕಿಂತ ಉದ್ದ ಇರುವ ಬೆರಳಿನ ತುದಿಯಲ್ಲಿ ಗೆರೆ ಎಳೆಯಿರಿ. ಬಾಗಿದರೆ ಅಳತೆ ತಪ್ಪುತ್ತದೆ, ಗೆರೆ ಎಳೆಯುವುದಕ್ಕೆ ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ. ತುಂಬಾ ಜನಕ್ಕೆ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳೇ ಉದ್ದ ಇರುತ್ತದೆ, ಅಂಥವರು ಆ ಬೆರಳನ್ನೇ ಲೆಕ್ಕಕ್ಕೆ ತಗೊಳ್ಳಬೇಕು. ಎರಡೂ ಕಾಲು ಅಳೆಯಿರಿ. ಎಡ, ಬಲ ಒಂದೇ ಅಳತೆ ಇರುವವರು ಕಡಿಮೆ. ದೊಡ್ಡ ಕಾಲು ಯಾವುದೋ ಅದಕ್ಕೆ ಶೂ ತಗೊಳ್ಳಬೇಕು, ಚಿಕ್ಕ ಕಾಲಿನ ಸಡಿಲವನ್ನು ಲೇಸ್ ನೋಡಿಕೊಳ್ಳುತ್ತದೆ.

ಸೈಜ್ ನಂಬರ್ ವಿಷಯಕ್ಕೆ ಬಂದರೆ, ನಾನು ಎಂಟು ನಂಬರ್ ಅಂತ ಹೇಳಿ ಕೂತುಬಿಡುವವರು ಜಾಸ್ತಿ. ಆ ಎಂಟು ಯಾವ ಕಂಪನಿಯ ಎಂಟು? ನಮ್ಮಲ್ಲಿ ಸಾಮಾನ್ಯವಾಗಿ ಹೇಳುವುದು ಯುಕೆ ನಂಬರ್. ಗಂಡಸರ ಶೂನಲ್ಲಿ ನೈಕಿಯ ಯುಕೆ 8 ಅಂದರೆ 27 ಸೆಂ.ಮೀ., ಅಡಿಡಾಸ್‌ನ ಯುಕೆ 8 ಅಂದರೆ 26.5 ಸೆಂ.ಮೀ. ಅಮೆರಿಕದ ನಂಬರ್ ನೋಡಿದರೆ ಮೊದಲನೆಯದು 9, ಎರಡನೆಯದು 8.5. ಡೆಕಾತ್ಲಾನ್‌ನಲ್ಲಿ 42, 43 ಅಂತ ಯುರೋಪ್ ನಂಬರ್ ಇರುತ್ತದೆ. ಹೀಗಾಗಿ ನಂಬರ್ ನೆನಪಿಟ್ಟುಕೊಳ್ಳುವ ಬದಲು ನಿಮ್ಮ ಪಾದದ ಸೆಂಟಿಮೀಟರ್ ನೆನಪಿಟ್ಟುಕೊಳ್ಳಿ. ಡಬ್ಬಿಯ ಮೇಲಿನ ಚೀಟಿಯಲ್ಲಿ, ಶೂ ನಾಲಿಗೆಯ ಒಳಗೆ ಹೊಲಿದ ಪಟ್ಟಿಯಲ್ಲಿ ಸೆಂಟಿಮೀಟರ್ ಸಾಮಾನ್ಯವಾಗಿ ಇರುತ್ತದೆ. ಪಾದ 26 ಸೆಂ.ಮೀ. ಇದ್ದರೆ 26.5 ಅಥವಾ 27 ಅಂತ ಬರೆದ ಶೂನಿಂದ ಹಾಕಿ ನೋಡುವುದಕ್ಕೆ ಶುರು ಮಾಡಿ. ಆಫೀಸ್ ಶೂಗಿಂತ ಅರ್ಧ ಅಥವಾ ಒಂದು ನಂಬರ್ ದೊಡ್ಡದು ಬಂದರೆ ಗಾಬರಿ ಬೇಡ, ರನ್ನಿಂಗ್ ಶೂನಲ್ಲಿ ಅದು ಮಾಮೂಲಿ.

ಉದ್ದ ಸರಿಯಾಯಿತು ಅಂದುಕೊಳ್ಳಿ. ನನ್ನ ಅನಿಸಿಕೆಯಲ್ಲಿ ನಮ್ಮ ಕಡೆಯವರಿಗೆ ನಿಜವಾದ ತೊಂದರೆ ಶುರುವಾಗುವುದು ಅಗಲದಲ್ಲಿ. ಚಿಕ್ಕಂದಿನಿಂದ ಚಪ್ಪಲಿ ಹಾಕಿ ಬೆಳೆದ ಕಾಲು, ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಎಷ್ಟೋ ಶೂಗಳ ಮುಂಭಾಗ ಮಾತ್ರ ಚೂಪಾಗಿ ಒಳಕ್ಕೆ ತಿರುಗಿರುತ್ತದೆ. ಕಿರುಬೆರಳು ಒತ್ತಿದರೆ ಜನ ಏನು ಮಾಡುತ್ತಾರೆ? ಇನ್ನೊಂದು ನಂಬರ್ ದೊಡ್ಡದು ತಗೊಳ್ಳುತ್ತಾರೆ. ಆಗ ಅಗಲ ಸರಿಹೋದಂತೆ ಕಂಡರೂ ಉದ್ದ ಜಾಸ್ತಿಯಾಗಿ ಹಿಮ್ಮಡಿ ಹಿಂದೆ ಜಾರುತ್ತದೆ, ಅಲ್ಲಿ ಉಜ್ಜಿ ಗುಳ್ಳೆ ಏಳುತ್ತದೆ. ಬೇಕಾಗಿರುವುದು ದೊಡ್ಡ ಶೂ ಅಲ್ಲ, ಅಗಲ ಶೂ. ಗಂಡಸರ ಸಾಧಾರಣ ಅಗಲಕ್ಕೆ 'ಡಿ' ಅಂತ, ಹೆಂಗಸರದ್ದಕ್ಕೆ 'ಬಿ' ಅಂತ ಗುರುತು. ಗಂಡಸರಲ್ಲಿ '2ಇ' ಅಂದರೆ ಅಗಲ, '4ಇ' ಅಂದರೆ ಇನ್ನೂ ಅಗಲ. ನ್ಯೂ ಬ್ಯಾಲೆನ್ಸ್, ಆಸಿಕ್ಸ್, ಬ್ರೂಕ್ಸ್ ಕಂಪನಿಗಳು ಕೆಲವು ಮಾಡೆಲ್‌ಗಳಲ್ಲಿ ಅಗಲದ ಶೂ ಮಾಡುತ್ತವೆ. ಅಂಗಡಿಯಲ್ಲಿ ಇಲ್ಲದಿದ್ದರೂ ಕೇಳಿದರೆ ತರಿಸಿಕೊಡುವವರು ಇದ್ದಾರೆ, ಬಾಯಿ ಬಿಟ್ಟು ಕೇಳಬೇಕು ಅಷ್ಟೆ. ಹೆಂಗಸರಿಗೆ ತಮ್ಮ ವಿಭಾಗದಲ್ಲಿ ಅಗಲ ಸಿಗದಿದ್ದರೆ ಅದೇ ಸೆಂಟಿಮೀಟರಿನ ಗಂಡಸರ ಶೂ ಹಾಕಿ ನೋಡುವುದರಲ್ಲಿ ತಪ್ಪೇನಿಲ್ಲ. ಹಿಮ್ಮಡಿ ಸಡಿಲ ಆಗುತ್ತದಾ ಅಂತ ಮಾತ್ರ ನೋಡಿಕೊಳ್ಳಿ.

ಅಗಲ ಸರಿ ಇದೆಯಾ ಅಂತ ತಿಳಿಯುವುದಕ್ಕೆ ಸುಲಭದ ದಾರಿ ಇದೆ. ಶೂ ಒಳಗಿನ ಇನ್‌ಸೋಲ್ ಬಹುತೇಕ ಶೂಗಳಲ್ಲಿ ಹೊರಗೆ ಬರುತ್ತದೆ. ಅಂಗಡಿಯವರಿಗೆ ಒಂದು ಮಾತು ಹೇಳಿ ನಿಧಾನಕ್ಕೆ ಎಳೆದು ತೆಗೆಯಿರಿ, ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಹಿಮ್ಮಡಿ ಅದರ ಹಿಂಬದಿಯ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಈಗ ಕೆಳಗೆ ನೋಡಿ. ಕಿರುಬೆರಳು ಅಂಚಿನಿಂದ ಆಚೆ ಇಳಿಬಿದ್ದಿದ್ದರೆ, ಹೆಬ್ಬೆರಳಿನ ಬುಡದ ಮೂಳೆ ಹೊರಗೆ ಚಾಚಿದ್ದರೆ ಆ ಶೂ ಬಿಟ್ಟುಬಿಡಿ. ಒಳಗೆ ಹಾಕಿದಾಗ ಆ ಚಾಚಿದ ಭಾಗವೇ ಬಟ್ಟೆಯನ್ನು ತಳ್ಳುತ್ತಿರುತ್ತದೆ, ಎರಡು ತಿಂಗಳಲ್ಲಿ ಅಲ್ಲೇ ತೂತು ಬೀಳುತ್ತದೆ. ಮುಂದೆ ಬೆರಳಿನ ತುದಿಯಿಂದ ಇನ್‌ಸೋಲಿನ ಕೊನೆಗೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು.

ಕಾಲುಂಗುರ ಹಾಕುವ ಹೆಂಗಸರು ಇದನ್ನು ಓದಲೇಬೇಕು, ಯಾಕೆಂದರೆ ಶೂ ಬಗ್ಗೆ ಬರೆಯುವವರು ಯಾರೂ ಈ ವಿಷಯ ಹೇಳುವುದಿಲ್ಲ. ನಡೆಯುವಾಗ ಗೊತ್ತೇ ಆಗದ ಬೆಳ್ಳಿ ಉಂಗುರ, ಓಡುವಾಗ ಪಕ್ಕದ ಬೆರಳಿಗೆ ಒತ್ತಿ ಒಂದೇ ಜಾಗದಲ್ಲಿ ಉಜ್ಜುತ್ತದೆ. ಕುಸುರಿ ಇರುವ, ಮುತ್ತಿನಂತೆ ಎದ್ದು ನಿಂತ ವಿನ್ಯಾಸದ ಉಂಗುರವಾದರೆ ಮೂರು ಕಿಲೋಮೀಟರ್ ಮುಗಿಯುವುದರೊಳಗೆ ಚರ್ಮ ಕಿತ್ತಿರುತ್ತದೆ. ಓಡುವಾಗ ತೆಗೆದಿಡುವವರಿದ್ದರೆ ಸರಿ. ತೆಗೆಯುವುದಿಲ್ಲ ಅನ್ನುವವರು ಓಟಕ್ಕೆ ನಯವಾದ ತಂತಿಯಂಥ ಉಂಗುರ ಇಟ್ಟುಕೊಳ್ಳಿ. ಬೆರಳುಗಳಿಗೆ ಬೇರೆ ಬೇರೆ ಗೂಡು ಇರುವ ಸಾಕ್ಸ್ ಸಿಗುತ್ತದೆ, ಅದೂ ಅನುಕೂಲ. ಮುಖ್ಯವಾಗಿ, ಅಂಗಡಿಯಲ್ಲಿ ಶೂ ಹಾಕಿ ನೋಡುವಾಗ ಉಂಗುರ ಕಾಲಲ್ಲೇ ಇರಲಿ.

ಅಂಗಡಿಗೂ ಸಂಜೆಯೇ ಹೋಗಿ. ದೇವರಾಜ ಅರಸು ರಸ್ತೆಯಲ್ಲಾಗಲಿ, ಮಾಲ್‌ನಲ್ಲಾಗಲಿ, ಮಂಡ್ಯದವರು ಊರಲ್ಲೇ ನೋಡುವುದಾಗಲಿ, ಓಡುವಾಗ ಹಾಕುವ ಸಾಕ್ಸ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅಂಗಡಿಯವರು ಕೊಡುವ ತೆಳು ಸಾಕ್ಸ್‌ನಲ್ಲಿ ಸರಿಯಾದ ಶೂ ನಿಮ್ಮ ದಪ್ಪ ಸಾಕ್ಸ್‌ನಲ್ಲಿ ಬಿಗಿಯಾಗುತ್ತದೆ. ಇಲ್ಲೇ ಸಾಕ್ಸ್ ಮಾತೂ ಮುಗಿಸಿಬಿಡುತ್ತೇನೆ. ಪೂರ್ತಿ ಕಾಟನ್ ಬೇಡ. ಕಾಟನ್ ಬೆವರು ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಬೇಗ ಗುಳ್ಳೆ ಏಳುತ್ತದೆ. ಪಾಲಿಯೆಸ್ಟರ್, ನೈಲಾನ್ ಬೆರೆತ ಸ್ಪೋರ್ಟ್ಸ್ ಸಾಕ್ಸ್ ಸಾಕು.

ಎರಡೂ ಕಾಲಿಗೆ ಶೂ ಹಾಕಿ, ಲೇಸ್ ಕಟ್ಟಿ, ಎದ್ದು ನಿಂತು ನೋಡಿ. ಒಂದೇ ಕಾಲಿಗೆ ಹಾಕಿ ಕೂತಲ್ಲೇ ಸರಿ ಇದೆ ಅಂದುಬಿಡಬೇಡಿ. ಮುಂದೆ ಹೆಬ್ಬೆರಳಿನ ಅಗಲ ಜಾಗ ಇದೆಯಾ ಅಂತ ನಿಂತಾಗಲೇ ಒತ್ತಿ ನೋಡಬೇಕು. ಬೆರಳುಗಳನ್ನು ಒಳಗೇ ಪಿಯಾನೋ ನುಡಿಸುವಂತೆ ಮೇಲೆ ಕೆಳಗೆ ಆಡಿಸೋಕೆ ಆಗಬೇಕು. ಹಿಮ್ಮಡಿ ಮೇಲಕ್ಕೆ ಏಳಬಾರದು. ಆಮೇಲೆ ಅಂಗಡಿಯೊಳಗೇ ಅಥವಾ ಮುಂದಿನ ಜಗಲಿಯಲ್ಲಿ ಹತ್ತು ಹೆಜ್ಜೆ ಓಡಿ. ನಾಚಿಕೆ ಬೇಡ, ಓಡುವುದಕ್ಕೆ ತಗೊಳ್ಳುತ್ತಿರುವುದು, ಓಡದೆ ಹೇಗೆ ಗೊತ್ತಾಗಬೇಕು? ಒಂದು ಕಡೆ ಚುಚ್ಚುತ್ತಿದೆ ಅಂದರೆ ಅಂಗಡಿಯವರು "ಏನಿಲ್ಲ ಸಾರ್, ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ" ಅನ್ನುತ್ತಾರೆ. ಚರ್ಮದ ಶೂ, ಚರ್ಮದ ಚಪ್ಪಲಿಗೆ ಆ ಮಾತು ನಡೆಯುತ್ತದೆ. ರನ್ನಿಂಗ್ ಶೂ ಮಾಡುವುದು ನೈಲಾನ್, ಪಾಲಿಯೆಸ್ಟರ್ ನೇಯ್ಗೆಯಲ್ಲಿ, ಅದು ಚರ್ಮದಂತೆ ಹಿಗ್ಗುವುದಿಲ್ಲ. ಅಂಗಡಿಯಲ್ಲಿ ಕಚ್ಚಿದ ಶೂ ಕೆರೆ ಏರಿ ಮೇಲೂ ಕಚ್ಚುತ್ತದೆ.

ಕೈಯಲ್ಲಿ ಹಿಡಿದು ನೋಡುವುದೂ ಸ್ವಲ್ಪ ಇದೆ. ಮುಂಭಾಗ ಮತ್ತು ಹಿಂಭಾಗ ಹಿಡಿದು ಬಗ್ಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಬಗ್ಗಬೇಕು. ಸರಿಯಾಗಿ ಮಧ್ಯದಲ್ಲಿ ಮಡಚಿಕೊಂಡರೆ ಅದು ಪಾದಕ್ಕೆ ಆಸರೆ ಕೊಡುವ ಶೂ ಅಲ್ಲ. ಒಳಗೆ ಕೈ ಹಾಕಿ ಹೊಲಿಗೆ ಎಲ್ಲಾದರೂ ಒರಟಾಗಿದೆಯಾ ಅಂತ ಸವರಿ ನೋಡಿ. ಜೊತೆಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಎರಡೂ ನೆಟ್ಟಗೆ ನಿಂತಿರಬೇಕು. ಹೊಸ ಶೂ ಒಂದು ಕಡೆಗೆ ವಾಲಿದ್ದರೆ ಬೇರೆ ಜೊತೆ ಕೇಳಿ.

ಇಷ್ಟರಲ್ಲಿ ಯಾರಾದರೂ ನಿಮ್ಮ ಪಾದ ಚಪ್ಪಟೆ, ಒಳಕ್ಕೆ ವಾಲುತ್ತದೆ, ನಿಮಗೆ ಪಾದ ವಾಲದಂತೆ ಆಸರೆ ಕೊಡುವ ಸ್ಟೆಬಿಲಿಟಿ ಶೂ ಬೇಕು, ಬೆಲೆ ಸ್ವಲ್ಪ ಜಾಸ್ತಿ ಅಂತ ಹೇಳಬಹುದು. ಕಾಲು ಒದ್ದೆ ಮಾಡಿಕೊಂಡು ಹಳೇ ಮನೆಯ ಕೆಂಪು ನೆಲದ ಮೇಲೆ ನಿಂತು ಹೆಜ್ಜೆಗುರುತು ನೋಡಿದರೆ ಪಾದದ ಕಮಾನು ಎತ್ತರ ಇದೆಯೋ ತಗ್ಗೋ ನಿಮಗೇ ತಿಳಿಯುತ್ತದೆ. ಆದರೆ ಆ ಗುರುತು ನೋಡಿ ಶೂ ಆರಿಸಿದರೆ ಪೆಟ್ಟು ಕಡಿಮೆಯಾಗುತ್ತದೆ ಅನ್ನುವ ಹಳೆಯ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2009-10ರ ಸುಮಾರಿಗೆ ಅಮೆರಿಕದ ಸೇನೆಯಲ್ಲಿ ತರಬೇತಿಗೆ ಬಂದ ಸಾವಿರಾರು ಹೊಸಬರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪಾದದ ಕಮಾನು ನೋಡಿ ಶೂ ಕೊಟ್ಟರು, ಇನ್ನೊಂದಕ್ಕೆ ಎಲ್ಲರಿಗೂ ಒಂದೇ ತರಹದ ಶೂ. ಪೆಟ್ಟು ಮಾಡಿಕೊಂಡವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓಟದ ಚಲನೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಜೊತೆಗಾರರು 2015ರಲ್ಲಿ ಮುಂದಿಟ್ಟ ವಾದ ಸರಳವಾಗಿದೆ: ಕಾಲಿಗೆ ಹಿತ ಅನಿಸುವ ಶೂ ಆರಿಸಿಕೊಳ್ಳಿ, ದೇಹಕ್ಕೆ ತನಗೆ ಒಗ್ಗುವುದು ಯಾವುದು ಅಂತ ಗೊತ್ತಿರುತ್ತದೆ. ಹಾಗಾಗಿ ಚಪ್ಪಟೆ ಪಾದ ಇದ್ದು ಇದುವರೆಗೆ ನೋವೇನೂ ಇಲ್ಲದವರು ಅಂಥ ಆಸರೆ ಇಲ್ಲದ ಮಾಮೂಲಿ ನ್ಯೂಟ್ರಲ್ ಶೂನಿಂದಲೇ ಶುರು ಮಾಡಬಹುದು. ಸ್ಟೆಬಿಲಿಟಿ ಶೂ ಹಾಕಿದಾಗಲೇ ನಿಮಗೆ ಹಿತ ಅನಿಸಿದರೆ ಅದನ್ನೇ ತಗೊಳ್ಳಿ. ಮೊದಲಿನಿಂದಲೂ ಮಂಡಿ ನೋವು, ಹಿಮ್ಮಡಿ ನೋವು ಇರುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಅಂಗಡಿಗಿಂತ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಜೋಮು ಹಿಡಿದ ಪಾದಕ್ಕೆ ಶೂ ಕಚ್ಚಿದರೂ ಗೊತ್ತಾಗುವುದಿಲ್ಲ, ಅದೇ ಅಪಾಯ.

ಜಾಹೀರಾತಿನ ಪದಗಳಲ್ಲಿ ಹೊಸಬರಿಗೆ ಬೇಕಾದದ್ದು ಒಂದೋ ಎರಡೋ. ಹೀಲ್ ಡ್ರಾಪ್ ಅಂದರೆ ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಮುಂಗಾಲಿನ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸ. ಹಿಂದೆ 32 ಮಿ.ಮೀ., ಮುಂದೆ 24 ಇದ್ದರೆ ಡ್ರಾಪ್ 8. ಹಿಮ್ಮಡಿ ಊರಿ ಓಡುವ ಹೊಸಬರಿಗೆ 8ರಿಂದ 10 ಸುಲಭವಾಗಿ ಒಗ್ಗುತ್ತದೆ. ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡದ ಮೇಲೆ ಕೆಲಸ ಜಾಸ್ತಿ ಬೀಳುತ್ತದೆ. ಮೆತ್ತನೆ ವಿಷಯದಲ್ಲಿ ಒಂದು ಎಚ್ಚರ, ಮೆಮೊರಿ ಫೋಮ್ ಶೂ ಅಂಗಡಿಯಲ್ಲಿ ಕಾಲಿಟ್ಟಾಗ ಹಾಯ್ ಅನಿಸುತ್ತದೆ. ಆದರೆ ಆ ಮೆತ್ತನೆ ಇರುವುದು ಮೇಲಿನ ತೆಳು ಪದರದಲ್ಲಿ. ಓಟದ ಹೊಡೆತ ತಡೆಯಬೇಕಾದದ್ದು ಅದರ ಕೆಳಗಿನ ದಪ್ಪ ಮಿಡ್‌ಸೋಲ್, ಒತ್ತಿದರೆ ತಗ್ಗಿ ತಕ್ಷಣ ಮೇಲೆ ಬರುವಂಥದ್ದು. ಕಾರ್ಬನ್ ಪ್ಲೇಟ್ ಇರುವ ಶೂ ರೇಸ್‌ನಲ್ಲಿ ಸೆಕೆಂಡು ಉಳಿಸುವುದಕ್ಕೆ ಮಾಡಿದ್ದು, ಬೆಲೆಯೂ ಜಾಸ್ತಿ, ಬೇಗ ಸವೆಯುತ್ತದೆ. ಮೊದಲ ವರ್ಷ ಅದರ ಕಡೆ ನೋಡಲೇಬೇಡಿ.

ಓಡುವ ಜಾಗ ಎಲ್ಲಿ? ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆ ಸುತ್ತಿನ ಮಣ್ಣಿನ ದಾರಿ ಹೊಸಬರ ಕಾಲಿಗೆ ಒಳ್ಳೆಯದು, ಅಲ್ಲಿಗೆ ಮಾಮೂಲಿ ರೋಡ್ ರನ್ನಿಂಗ್ ಶೂ ಧಾರಾಳ ಸಾಕು. ಮಣ್ಣು ಅಂತ ಟ್ರೇಲ್ ಶೂ ತಗೊಳ್ಳಬೇಕಾಗಿಲ್ಲ. ಟ್ರೇಲ್ ಶೂ ಕೆಳಗೆ ಹಲ್ಲುಹಲ್ಲಾಗಿ ಎದ್ದ ರಬ್ಬರ್ ಇರುತ್ತದೆ, ಕಲ್ಲು ಗುಡ್ಡ ಹತ್ತುವವರಿಗೆ ಬೇಕು. ಮನೆಯಿಂದ ಕೆರೆವರೆಗೆ ಡಾಂಬರು ರಸ್ತೆಯಲ್ಲಿ ಓಡಿದರೆ ಆ ಹಲ್ಲುಗಳು ಬೇಗ ತೇಯುತ್ತವೆ. ರಿಂಗ್ ರೋಡ್ ಕಡೆ ಅಥವಾ ಮಂಡ್ಯದ ಹಳ್ಳಿ ರಸ್ತೆಗಳಲ್ಲಿ ಕತ್ತಲಿರುವಾಗಲೇ ಓಡುವವರು ಹಿಂಭಾಗದಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿ ಇರುವ ಶೂ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗೆ ನೀವು ದೂರದಿಂದಲೇ ಕಾಣಬೇಕು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಓಡುವವರು ಮಳೆಗಾಲದಲ್ಲಿ ಅಟ್ಟೆಯ ಗೆರೆಗಳಲ್ಲಿ ಜೇಡಿ ಮೆತ್ತಿಕೊಂಡರೆ ಅಲ್ಲೇ ನಿಂತು ಕೆರೆದು ಮುಂದೆ ಹೋಗಿ, ಮೆತ್ತಿದ ಶೂನಲ್ಲಿ ನಾಲೆ ಪಕ್ಕ ಓಡುವುದು ಬೇಡ.

ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವ್ಯಾಯಾಮಕ್ಕೆ ಹತ್ತುವವರು ಬಹಳ. ಹತ್ತುವಾಗ ಯಾವ ಶೂ ಆದರೂ ನಡೆಯುತ್ತದೆ, ಇಳಿಯುವಾಗ ಬಣ್ಣ ಗೊತ್ತಾಗುತ್ತದೆ. ಪ್ರತಿ ಮೆಟ್ಟಿಲಿಗೂ ಪಾದ ಮುಂದಕ್ಕೆ ಜಾರಿ ಬೆರಳು ಶೂ ಮೂತಿಗೆ ಹೊಡೆಯುತ್ತದೆ. ಮುಂದೆ ಜಾಗ ಇಲ್ಲದಿದ್ದರೆ ಒಂದೇ ವಾರದಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ, ಅಂದರೆ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆ ಅಂತ. ಇದಕ್ಕೆ ಲೇಸ್ ಕಟ್ಟುವ ಒಂದು ಕ್ರಮ ಇದೆ. ಶೂನ ಲೇಸ್ ತೂತುಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ, ಒಂದು ತೂತು ಖಾಲಿ ಬಿಟ್ಟಿರುತ್ತಾರೆ ಅಲ್ವಾ? ಅದು ಇದಕ್ಕೇ ಇರುವುದು. ಎಡಗಡೆಯ ಲೇಸನ್ನು ಎಡಗಡೆಯದೇ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಪೂರ್ತಿ ಎಳೆಯದೆ ಹೊರಗಡೆ ಒಂದು ಪುಟ್ಟ ಕುಣಿಕೆ ಬಿಡಿ. ಬಲಗಡೆಯೂ ಹಾಗೇ ಮಾಡಿ. ಈಗ ಎಡ ಲೇಸಿನ ತುದಿಯನ್ನು ಬಲದ ಕುಣಿಕೆಯೊಳಗೆ, ಬಲ ಲೇಸಿನ ತುದಿಯನ್ನು ಎಡದ ಕುಣಿಕೆಯೊಳಗೆ ತೂರಿಸಿ ಎರಡನ್ನೂ ಒಟ್ಟಿಗೆ ಕೆಳಕ್ಕೆ ಎಳೆಯಿರಿ. ಕುಣಿಕೆ ಬಿಗಿದು ಕಣಕಾಲಿನ ಸುತ್ತ ಶೂ ಹಿಡಿದುಕೊಳ್ಳುತ್ತದೆ. ಆಮೇಲೆ ಮಾಮೂಲಿ ಗಂಟು. ಹಿಮ್ಮಡಿ ಅಲುಗಾಡುವುದಿಲ್ಲ, ಬೆರಳು ಮುಂದೆ ಜಾರುವುದಿಲ್ಲ, ಮುಂಭಾಗದ ಲೇಸನ್ನು ಸಡಿಲವಾಗಿಯೇ ಬಿಡಬಹುದು.

ಪೊಲೀಸ್, ಸೈನ್ಯದ ಆಯ್ಕೆಗೆ 1600 ಮೀಟರ್ ಓಟದ ತಯಾರಿ ಮಾಡುವ ಹುಡುಗರು ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲೂ, ಮೈಸೂರಿನ ಚಾಮುಂಡಿ ವಿಹಾರದಲ್ಲೂ ಸಿಗುತ್ತಾರೆ. ಅವರಿಗೆ ನನ್ನ ಮಾತು ಇಷ್ಟೇ. ಹಗುರ ಶೂ ಒಳ್ಳೆಯದು, ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಶೂನಲ್ಲೇ ಆಯ್ಕೆಯ ದಿನ ಓಡಿ. ಅಣ್ಣನ ಹತ್ತಿರ, ಗೆಳೆಯನ ಹತ್ತಿರ ಇಸ್ಕೊಂಡ ಶೂ ಆ ದಿನ ಬೇಡವೇ ಬೇಡ, ಅದು ಎಷ್ಟು ದುಬಾರಿಯದಾದರೂ ಸರಿ.

ಇನ್ನು ಜೇಬು. ಮೊದಲ ಜೊತೆಗೆ ಎರಡೂವರೆಯಿಂದ ನಾಲ್ಕು ಸಾವಿರ ರೂಪಾಯಿ ಇಟ್ಟುಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಡೆಕಾತ್ಲಾನ್‌ನ ಸ್ವಂತ ಬ್ರ್ಯಾಂಡ್‌ಗಳಲ್ಲೋ, ದೊಡ್ಡ ಕಂಪನಿಗಳ ರಿಯಾಯಿತಿಯಲ್ಲೋ ಈ ಬೆಲೆಗೆ ಓಡಬಹುದಾದ ಶೂ ಸಿಗುತ್ತದೆ. ರಿಯಾಯಿತಿ ಯಾವಾಗ ಬರುತ್ತದೆ ಅನ್ನುವುದರ ಹಿಂದೆ ಒಂದು ಲೆಕ್ಕ ಇದೆ. ಹೆಸರುವಾಸಿ ಮಾಡೆಲ್‌ಗಳು ಒಂದೆರಡು ವರ್ಷಕ್ಕೊಮ್ಮೆ ಹೊಸ ನಂಬರ್ ಹೊತ್ತು ಬರುತ್ತವೆ. ನೈಕಿ ಪೆಗಾಸಸ್ ಮೊದಲು ಬಂದದ್ದು 1983ರಲ್ಲಿ, 2023ರಲ್ಲಿ 40ನೆಯದು, 2024ರಲ್ಲಿ 41ನೆಯದು ಬಂತು. ಹೊಸದು ಬಂದ ಕೂಡಲೇ ಹಿಂದಿನದರ ಬೆಲೆ ಇಳಿಯುತ್ತದೆ. ಹೊಸಬರಿಗೆ ಆ ಎರಡರ ನಡುವಿನ ವ್ಯತ್ಯಾಸ ಬಣ್ಣದಷ್ಟೇ ಅಂದರೂ ನಡೆಯುತ್ತದೆ, ಆದರೆ ಕೆಲವೊಮ್ಮೆ ಅಗಲ ಬದಲಾಗಿರುತ್ತದೆ, ಹಾಕಿ ನೋಡದೆ ತಗೊಳ್ಳಬೇಡಿ. ಡಬ್ಬಿಯ ಮೇಲೆ ಎಂ.ಆರ್.ಪಿ. ಜೊತೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಮೂರು ವರ್ಷಕ್ಕಿಂತ ಹಳೆಯದಾದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬಿಡಿ, ಫೋಮೂ ಅಂಟೂ ಡಬ್ಬಿಯೊಳಗೇ ಹಳೆಯದಾಗುತ್ತವೆ. ಫುಟ್‌ಪಾತ್‌ನಲ್ಲಿ ಸಿಗುವ 'ಫಸ್ಟ್ ಕಾಪಿ' ಶೂ ನೋಡುವುದಕ್ಕೆ ಅದೇ ತರಹ ಇರುತ್ತದೆ, ಒಳಗಿನ ಮಿಡ್‌ಸೋಲ್ ಅದೇ ಅಲ್ಲ. ಸಾವಿರ ರೂಪಾಯಿಗೆ ನಕಲಿ ಲೋಗೋ ಕೊಳ್ಳುವ ಬದಲು ಅದೇ ಸಾವಿರಕ್ಕೆ ಇನ್ನಷ್ಟು ಸೇರಿಸಿ ಹೆಸರಿಲ್ಲದ ಆದರೆ ಓಟಕ್ಕೇ ಮಾಡಿದ ಶೂ ತಗೊಳ್ಳಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಮಾಡುವ ಅವಕಾಶ ಇದೆಯಾ ಅಂತ ಮೊದಲು ಓದಿ. ಬಂದ ಮೇಲೆ ಮನೆಯೊಳಗೇ, ಒರೆಸಿದ ನೆಲದ ಮೇಲೆ, ಅರ್ಧ ಗಂಟೆ ಹಾಕಿಕೊಂಡು ಓಡಾಡಿ ನೋಡಿ. ಅಟ್ಟೆಗೆ ಮಣ್ಣು ಹತ್ತಿದರೆ ವಾಪಸ್ ತಗೊಳ್ಳುವುದಿಲ್ಲ.

ಹೊಸ ಶೂ ಬಂದ ಮೊದಲ ವಾರ ಕಡಿಮೆ ದೂರ ಓಡಿ, ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಅನ್ನುವ ಹಾಗೆ. ಮೀನಖಂಡ ಸ್ವಲ್ಪ ಬಿಗಿಯುವುದು ಸಹಜ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಕೆಳಗೆ ಚುಚ್ಚಿದಂತೆ ನೋವಾದರೆ, ಅಥವಾ ಮಂಡಿ ನೋವು ಓಡುತ್ತಾ ಓಡುತ್ತಾ ಜಾಸ್ತಿಯಾದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಿ. ಬೆರಳು ಜೋಮು ಹಿಡಿದರೆ ಮೊದಲು ಲೇಸ್ ಸಡಿಲ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಇನ್‌ಸೋಲ್, ಲೇಸ್ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೋಪು ನೀರಿನಲ್ಲಿ ಉಜ್ಜಿ ತೊಳೆಯಿರಿ. ಕೆರೆಯ ಕೆಂಪು ಮಣ್ಣು ಒಣಗಿದ ಮೇಲೆ ಉದುರಿಸಿ ತೊಳೆದರೆ ಬೇಗ ಹೋಗುತ್ತದೆ. ಒಳಗೆ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ, ತಾರಸಿಯ ಮೇಲೆ ಇಟ್ಟರೆ ಅಂಟು ಬಿಡುತ್ತದೆ, ಫೋಮ್ ಗಟ್ಟಿಯಾಗುತ್ತದೆ.

ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬರುತ್ತದೆ. ವಾರಕ್ಕೆ ಹತ್ತು ಕಿಲೋಮೀಟರ್ ಓಡುವವರಿಗೆ ಒಂದು ವರ್ಷ ಧಾರಾಳ ಆಯ್ತು. ಮೇಲ್ಗಡೆ ಹೊಸದರಂತೆ ಕಂಡರೂ ಒಳಗಿನ ಫೋಮ್, ಹಳೇ ಹಾಸಿಗೆಯ ಹತ್ತಿ ಕೂತುಹೋಗುವ ಹಾಗೆ, ಕೂತುಹೋಗಿರುತ್ತದೆ. ಅಟ್ಟೆ ಒಂದು ಕಡೆ ಸವೆದು ನುಣ್ಣಗಾಗಿದ್ದರೆ, ಮಿಡ್‌ಸೋಲಿನ ಪಕ್ಕದಲ್ಲಿ ಸುಕ್ಕು ಗೆರೆ ಬಿದ್ದು ಒತ್ತಿದರೂ ಮೇಲೆ ಬರದಿದ್ದರೆ, ಮೊದಲಿಲ್ಲದ ಮಂಡಿ ನೋವು ಈಗ ಬರುತ್ತಿದ್ದರೆ ಬದಲಾಯಿಸುವ ಕಾಲ ಬಂತು ಅಂತ. ಕೊಂಡ ದಿನವೇ ಇನ್‌ಸೋಲಿನ ಅಡಿಗೆ ಬಾಲ್ ಪೆನ್ನಿನಲ್ಲಿ ತಿಂಗಳು, ವರ್ಷ ಬರೆದಿಡಿ, ಆಮೇಲೆ ಊಹೆ ಮಾಡಬೇಕಾಗುವುದಿಲ್ಲ. ಹಳೆಯ ಜೊತೆಯನ್ನು ಮಾರ್ಕೆಟ್ಟಿಗೆ, ಸಂಜೆ ನಡಿಗೆಗೆ ಇಟ್ಟುಕೊಳ್ಳಬಹುದು. ಮಳೆ ಬಿದ್ದ ಬೆಟ್ಟದ ಮೆಟ್ಟಿಲಿಗೆ ಮಾತ್ರ ಬೇಡ, ಸವೆದ ರಬ್ಬರ್ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ.